ಆಸ್ಪತ್ರೆಯಿಂದ ಮಗ ಮನೆಗೆ ಬಂದ, ಆದರೆ ಇನ್ನೂ ಮೊದಲಿನ ಹಾಗಿಲ್ಲ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 7 ವರ್ಷ, ಎರಡನೇ ಕ್ಲಾಸು. ಅಕ್ಟೋಬರ್‌ನಲ್ಲಿ ಜ್ವರ ಬಂತು. ನಾಲ್ಕು ದಿನ ಕಷಾಯ, ಜ್ವರದ ಸಿರಪ್ ಕೊಟ್ಟು ಮನೆಯಲ್ಲೇ ನೋಡಿದೆವು. ಆರನೇ ದಿನ ಏದುಸಿರು ಶುರುವಾಯಿತು. ಶಿವಮೊಗ್ಗಕ್ಕೆ ಒಯ್ದಾಗ ಸ್ಕ್ರಬ್ ಟೈಫಸ್ (ನುಸಿ ಕಚ್ಚಿ ಬರುವ ಜ್ವರ) ಅಂದರು. 8 ದಿನ ವೆಂಟಿಲೇಟರ್, ಒಟ್ಟು 19 ದಿನ ಆಸ್ಪತ್ರೆ. ಐಸಿಯು ಒಳಗೆ ನಮ್ಮನ್ನು ದಿನಕ್ಕೆ ಎರಡೇ ಸಲ ಬಿಡುತ್ತಿದ್ದರು. ದೇವರು ದೊಡ್ಡವನು, ಮಗ ಉಳಿದ. ಮನೆಗೆ ಬಂದು ಎರಡು ತಿಂಗಳಾಯಿತು. ಈಗ ಬಾಚಣಿಗೆ ಹಾಕಿದರೆ ಕೂದಲು ಮುಷ್ಟಿಗಟ್ಟಲೆ ಬರುತ್ತಿದೆ. ಉಗುರಿನ ಮೇಲೆ ಅಡ್ಡ ಗೆರೆ ಬಿದ್ದಿದೆ. ಕಾಲು ಕಡ್ಡಿಯಾಗಿದೆ, ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಾನೆ. ರಾತ್ರಿ ಚೀರಿ ಏಳುತ್ತಾನೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ದನಿ ಸ್ವಲ್ಪ ಒಡೆದಿದೆ, ಶೀತ ಇರಬೇಕು. ಮತ್ತೆ ಬರುತ್ತದೋ ಅಂತ ಹೆದರಿ ಅಂಗಳ ದಾಟೋಕೂ ಬಿಡುತ್ತಿಲ್ಲ. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದೆ, ನೋಡಬೇಕು ಅಂತ ದಿನಾ ಹಠ. ಆ ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡಿದ್ದು ನಮ್ಮ ತಪ್ಪಾ ಡಾಕ್ಟ್ರೇ?

ಉತ್ತರ: ನಿಮ್ಮ ಪತ್ರ ಉದ್ದ ಇತ್ತು, ಇಲ್ಲಿ ಚಿಕ್ಕದು ಮಾಡಿ ಹಾಕಿದ್ದೇನೆ. ಪೂರ್ತಿ ಪತ್ರದಲ್ಲಿ ಕೂದಲಿಗೆ ಒಂದು ಇಡೀ ಪುಟ ಕೊಟ್ಟಿದ್ದೀರಿ. ದನಿಗೆ ಅರ್ಧ ಸಾಲು. ನನಗೆ ಕಿವಿ ನೆಟ್ಟಗಾಗಿದ್ದು ಆ ಅರ್ಧ ಸಾಲಿಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ವೆಂಟಿಲೇಟರ್ ನಳಿಗೆ ಬಾಯಿಯಿಂದ ಇಳಿದು, ದನಿ ಹೊರಡಿಸುವ ಎರಡು ತಂತುಗಳ ನಡುವೆ ಹಾದು ಶ್ವಾಸನಾಳಕ್ಕೆ ಹೋಗುತ್ತದೆ. ಮಕ್ಕಳಲ್ಲಿ ಆ ಜಾಗ ತುಂಬ ಕಿರಿದು. 8 ದಿನ ಅಲ್ಲೊಂದು ಪ್ಲಾಸ್ಟಿಕ್ ಕೊಳವೆ ಇದ್ದರೆ ಒಳಗೋಡೆ ಕೆಂಪಾಗುತ್ತದೆ, ಊದುತ್ತದೆ. ನಳಿಗೆ ತೆಗೆದ ಮೇಲೆ ಒಂದೆರಡು ವಾರ ದನಿ ಒಡೆದಿರುವುದು ಸಹಜ. ಎರಡು ತಿಂಗಳು ಸಹಜ ಅಲ್ಲ. ಕೆಲವು ಮಕ್ಕಳಲ್ಲಿ ಆ ಗಾಯ ಮಾಯುವಾಗ ಒಳಗೇ ಗಟ್ಟಿಯಾಗಿ, ಉಸಿರಿನ ದಾರಿ ನಿಧಾನಕ್ಕೆ ಸಣ್ಣದಾಗುತ್ತಾ ಹೋಗುತ್ತದೆ. ಅದು ಆಸ್ಪತ್ರೆಯಲ್ಲಿ ಇದ್ದಾಗ ಗೊತ್ತಾಗುವುದಿಲ್ಲ, ವಾರಗಳಾದ ಮೇಲೆ ತೋರಿಸಿಕೊಳ್ಳುತ್ತದೆ. ನಿಮ್ಮ ಮಗನಿಗೆ ಹಾಗೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ನೋಡದೆ ಬಿಡಬೇಡಿ ಅಂತ ಹೇಳುತ್ತಿದ್ದೇನೆ.

ಇದೇ ವಾರ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗಾದರೂ ಹೋಗಿ, ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕಾದರೂ ಹೋಗಿ, ನಿಮಗೆ ಯಾವುದು ಅನುಕೂಲವೋ ಅದು. ಸಣ್ಣ ಕ್ಯಾಮೆರಾ ಇರುವ ನಳಿಗೆ ಇಳಿಸಿ ನೋಡುತ್ತಾರೆ. '8 ದಿನ ವೆಂಟಿಲೇಟರ್ ಮೇಲಿದ್ದ' ಅನ್ನುವುದನ್ನು ಮೊದಲ ಮಾತಾಗಿ ಹೇಳಿ. ಇಲ್ಲದಿದ್ದರೆ ಅವರೂ ಶೀತ ಅಂದುಕೊಂಡಾರು. ಹೋದ ಕೈಯಲ್ಲೇ ಕಿವಿಯ ಪರೀಕ್ಷೆಯನ್ನೂ ಮಾಡಿಸಿಬಿಡಿ. ಈ ಕಾಯಿಲೆಗೂ, ಐಸಿಯುನಲ್ಲಿ ಕೊಡುವ ಕೆಲವು ಔಷಧಿಗಳಿಗೂ ಕಿವಿ ಮಂದ ಮಾಡುವ ಗುಣ ಇದೆ. ಏಳು ವರ್ಷದ ಮಗು 'ನಂಗೆ ಕೇಳಿಸ್ತಿಲ್ಲ' ಅಂತ ತಾನಾಗಿ ಹೇಳುವುದಿಲ್ಲ. ಟಿವಿ ದನಿ ಜಾಸ್ತಿ ಮಾಡುತ್ತದೆ, ಅಷ್ಟೇ.

ಅಷ್ಟರೊಳಗೆ ಅವನು ಮಲಗಿದಾಗ ಪಕ್ಕದಲ್ಲಿ ಕೂತು ಉಸಿರು ಕೇಳಿ. ಉಸಿರು ಒಳಗೆ ಎಳೆದುಕೊಳ್ಳುವಾಗ ಸೀಟಿಯಂತೆಯೋ ಕರಕರ ಅಂತಲೋ ಸದ್ದು ಬಂದರೆ, ಗಂಟಲ ಕೆಳಗಿನ ಗುಳಿ ಒಳಗೆ ಎಳೆದುಕೊಂಡರೆ, ವಾರದ ಲೆಕ್ಕ ಬಿಡಿ. ಅವತ್ತೇ ಹೊರಡಿ.

ಇನ್ನು ಕೂದಲು. ಇದಕ್ಕೆ ಹೆದರಲೇಬೇಡಿ. ದೇಹಕ್ಕೆ ಪ್ರಾಣದ ಚಿಂತೆ ಬಂದಾಗ ಅದು ಕೂದಲು, ಉಗುರಿನ ಖರ್ಚನ್ನು ಮೊದಲು ನಿಲ್ಲಿಸುತ್ತದೆ. ಬೆಳೆಯುತ್ತಿದ್ದ ಕೂದಲು ಒಟ್ಟಿಗೇ ನಿದ್ದೆಗೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಬುಡದಲ್ಲಿ ಹೊಸ ಕೂದಲು ಶುರುವಾದಾಗ ಹಳೆಯದೆಲ್ಲ ಒಮ್ಮೆಲೇ ಉದುರುತ್ತವೆ. ಅಂದರೆ ನೀವು ಬಾಚಣಿಗೆಯಲ್ಲಿ ನೋಡುತ್ತಿರುವುದು ಅಕ್ಟೋಬರ್ ತಿಂಗಳ ಜ್ವರ. ಕೂದಲು ಬೋಳಿಸುವುದು, ಎಣ್ಣೆ ಬದಲಿಸುವುದು, ದೃಷ್ಟಿ ತೆಗೆಸುವುದು ಯಾವುದೂ ಬೇಕಿಲ್ಲ. ದೃಷ್ಟಿ ತೆಗೆದರೆ ನಿಮ್ಮ ಅತ್ತೆಯವರಿಗೆ ಸಮಾಧಾನ ಅಂದರೆ ತೆಗೆಯಲಿ, ನನ್ನದೇನೂ ತಕರಾರಿಲ್ಲ.

ಉಗುರಿನ ಗೆರೆಯ ಕಥೆಯೂ ಇದೇ. ಕಾಯಿಲೆ ಜೋರಿದ್ದ ದಿನಗಳಲ್ಲಿ ಉಗುರು ಬೆಳೆಯುವುದನ್ನೇ ನಿಲ್ಲಿಸಿತ್ತು. ನಿಲ್ಲಿಸಿದ ಜಾಗದಲ್ಲಿ ಹಳ್ಳ ಬಿತ್ತು. ಬೋ ಅನ್ನುವ ಫ್ರೆಂಚ್ ವೈದ್ಯರು 1846ರಲ್ಲೇ ಇದನ್ನು ಬರೆದಿಟ್ಟಿದ್ದರು, ಈಗಲೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಮಗನ ಹೆಬ್ಬೆರಳು ಹಿಡಿದು ನೋಡಿ. ಗೆರೆಯಿಂದ ತುದಿಯ ಕಡೆಗೆ ಇರುವುದು ಕಾಯಿಲೆಗಿಂತ ಮುಂಚಿನ ಉಗುರು. ಗೆರೆಯಿಂದ ಬುಡದ ಕಡೆಗೆ, ನಯವಾಗಿ ಇರುವುದು ಕಾಯಿಲೆ ದಾಟಿದ ಮೇಲೆ ಬಂದದ್ದು. ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಇದನ್ನು ತೋರಿಸುತ್ತೇನೆ, ಅವರಿಗೆ ಭಾರಿ ಖುಷಿ. ಮಳೆಗಾಲ ಹಿಡಿಯುವ ಹೊತ್ತಿಗೆ ಆ ಗೆರೆ ಉಗುರಿನ ತುದಿಗೆ ಬಂದು, ನೀವು ಕತ್ತರಿಸಿ ಎಸೆಯುವ ಚೂರಿನ ಜೊತೆ ಹೋಗಿರುತ್ತದೆ.

ಕಾಲಿನದು ಸ್ವಲ್ಪ ನಿಧಾನದ ಕೆಲಸ. ಅಲ್ಲಾಡದೆ ಮಲಗಿದ ದೇಹದಲ್ಲಿ ಮಾಂಸಖಂಡ ಎಷ್ಟು ಬೇಗ ಕರಗುತ್ತದೆ ಅಂದರೆ, ಒಂದು ವಾರದಲ್ಲಿ ತೊಡೆಯ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ವಾಪಸ್ ಬರುವುದಕ್ಕೆ ಮಾತ್ರ ತಿಂಗಳುಗಳು ಬೇಕು. ಇಲ್ಲಿ ನೀವು ಮಾಡುತ್ತಿರುವ ಒಂದು ತಪ್ಪು ಹೇಳಲೇಬೇಕು. ಅವನನ್ನು ಎತ್ತಿಕೊಂಡು ಓಡಾಡುತ್ತಿದ್ದೀರಿ. ಬಚ್ಚಲಿಗೆ ಎತ್ತಿಕೊಂಡು, ಊಟಕ್ಕೆ ಎತ್ತಿಕೊಂಡು. ಕರುಳು ಕೇಳುವುದಿಲ್ಲ, ಗೊತ್ತು. ಆದರೆ ಆ ಕಾಲಿಗೆ ಬೇಕಾಗಿರುವ ಔಷಧಿ ನಡೆಯುವುದು ಒಂದೇ. ನಿಮ್ಮಲ್ಲಿ ಕೂರುವ ಮಣೆ ಇರುತ್ತದಲ್ಲ, ಅದರ ಮೇಲೆ ಕೂತು ಏಳುವ ಆಟ ಆಡಿಸಿ. ಕೈ ಊರದೆ ಎಷ್ಟು ಸಲ ಎದ್ದ ಅಂತ ಕ್ಯಾಲೆಂಡರ್ ಮೇಲೆ ಬರೆಯಿರಿ. ಈ ಭಾನುವಾರ 3, ಮುಂದಿನ ಭಾನುವಾರ 5 ಆದರೆ ಸಾಕು. ಸೆಪ್ಟೆಂಬರ್‌ನಲ್ಲಿ ಮರ ಹತ್ತುತ್ತಿದ್ದ ಹುಡುಗನ ಜೊತೆ ಹೋಲಿಸಬೇಡಿ, ಹೋದ ಭಾನುವಾರದ ಹುಡುಗನ ಜೊತೆ ಹೋಲಿಸಿ. ಒಂದು ಕಾಲು ಮಾತ್ರ ಸೋತಂತೆ ಕಂಡರೆ, ಪಾದ ನೆಲಕ್ಕೆ ಎಳೆದರೆ, ಅಥವಾ ಮೂರು ನಾಲ್ಕು ವಾರ ಕಳೆದರೂ ಆ ಸಂಖ್ಯೆ ಮೇಲೇರದಿದ್ದರೆ ವೈದ್ಯರು ನರಗಳನ್ನು ಪರೀಕ್ಷೆ ಮಾಡಬೇಕು.

ತೂಕವೂ ಅಷ್ಟೇ, ವಾರಕ್ಕೊಂದು ಸಲ. ಅಡಿಕೆ ತೂಗುವ ಕಾಟಾ ಮನೆಯಲ್ಲಿದ್ದರೆ ಅದರ ಮೇಲೇ ನಿಲ್ಲಿಸಿ. ಟಾನಿಕ್ ಬೇಡ, ಡಬ್ಬದ ಪುಡಿ ಬೇಡ. ಪಥ್ಯ ಅಂತೂ ಬೇಡವೇ ಬೇಡ. ಮೊಸರು ಶೀತ, ಬಾಳೆಹಣ್ಣು ಕಫ, ತೊಗರಿಬೇಳೆ ವಾಯು ಅಂತ ಒಂದೊಂದೇ ತೆಗೆದು ಕೊನೆಗೆ ತಿಳಿಗಂಜಿಯಲ್ಲಿ ಉಳಿಸಿರುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮಾಂಸಖಂಡ ಕಟ್ಟಬೇಕಾದ ಮಗು ಅದು. ಬೇಳೆ, ಹಾಲು, ಮೊಸರು, ತುಪ್ಪ, ಕಡಲೆಕಾಯಿ, ನಿಮ್ಮಲ್ಲಿ ತಿನ್ನುವ ರೂಢಿ ಇದ್ದರೆ ಮೊಟ್ಟೆ, ಮೀನು. ತಟ್ಟೆ ತುಂಬ ಬಡಿಸಿ ಕೂರಿಸಬೇಡಿ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದಾರು ಸಲ.

ರಾತ್ರಿ ಚೀರುವ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಉತ್ತರ ಕೊಡಬೇಕಾದರೆ, ಬಾಗಿಲಾಚೆ ಆ 8 ದಿನ ಏನು ನಡೆಯಿತು ಅಂತ ನಿಮಗೆ ಗೊತ್ತಾಗಬೇಕು.

ಸ್ಕ್ರಬ್ ಟೈಫಸ್ಸಿನ ರೋಗಾಣು ರಕ್ತನಾಳದ ಒಳಗೋಡೆಯ ಮೇಲೆ ದಾಳಿ ಮಾಡುತ್ತದೆ. ಗೋಡೆ ಸೋರುತ್ತದೆ. ನಿಮ್ಮ ಮಗನಿಗೆ ಆ ಸೋರಿಕೆ ಶ್ವಾಸಕೋಶದೊಳಗೆ ಆಯಿತು. ನೆನೆದ ಸ್ಪಂಜಿನಂತಾದ ಶ್ವಾಸಕೋಶಕ್ಕೆ ಗಾಳಿ ತುಂಬಿಸುವುದು ಏಳು ವರ್ಷದ ಎದೆಗೆ ಆಗದ ಕೆಲಸ, ಅದಕ್ಕೇ ವೆಂಟಿಲೇಟರ್. ಈ ರೋಗಾಣುವನ್ನು ಮಣಿಸಿದ ಔಷಧಿ ಡಾಕ್ಸಿಸೈಕ್ಲಿನ್, ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೊದಲ ದಿನವೇ ಬರೆದಿದೆ. ತೀರಾ ಅಗ್ಗದ, ಹಳೆಯ ಔಷಧಿ. ಅದು ತನ್ನ ಕೆಲಸ ಮಾಡಿದ ಮೇಲೂ ಶ್ವಾಸಕೋಶ ಒಣಗುವುದಕ್ಕೆ ದಿನಗಳು ಬೇಕಿತ್ತು. ವೆಂಟಿಲೇಟರ್ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ, ಆ ದಿನಗಳನ್ನು ದೂಡಿಕೊಡುತ್ತದೆ.

ದೂಡಿದವರು ಯಾರು? ಹೆಚ್ಚಿನ ಪಾಲು ನರ್ಸ್‌ಗಳು. ಆಗಾಗ ನಳಿಗೆಯೊಳಗೆ ಕಟ್ಟಿದ ಕಫ ಎಳೆಯಬೇಕು. ಬೆನ್ನಿಗೆ ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನಿದ್ದೆಯ ಔಷಧಿಯಲ್ಲಿ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ, ಕಣ್ಣು ಒಣಗದಂತೆ ಮುಲಾಮು ಹಚ್ಚಬೇಕು. ಬಾಯಿ ಒರೆಸಬೇಕು. ಮೂಗಿನ ನಳಿಗೆಯಲ್ಲಿ ಹಾಲು ಬಿಡಬೇಕು. ಮೂತ್ರ ಅಳೆದು ಬರೆಯಬೇಕು. ಹಗಲೂ ರಾತ್ರಿ ಇದೇ. ಇವುಗಳಲ್ಲಿ ಒಂದು ತಪ್ಪಿದರೂ ಡಾಕ್ಸಿಸೈಕ್ಲಿನ್ ಗೆದ್ದ ಮಗುವನ್ನು ಇನ್ಯಾವುದೋ ಸೋಂಕು ಒಯ್ದುಬಿಡಬಹುದು.

ಇನ್ನೊಂದು ಕೆಲಸವನ್ನೂ ಅವರು ಮಾಡಿರುತ್ತಾರೆ. ಅರೆನಿದ್ದೆಯಲ್ಲಿ ನಳಿಗೆ ಕಿತ್ತುಕೊಳ್ಳದಿರಲಿ ಅಂತ ಕೈಗಳನ್ನು ಮೆತ್ತಗಿನ ಬಟ್ಟೆಯಿಂದ ಮಂಚಕ್ಕೆ ಕಟ್ಟಿರುತ್ತಾರೆ. ಈಗ ಅವನ ಕಡೆಯಿಂದ ನೋಡಿ. ಕಣ್ಣು ಬಿಟ್ಟರೆ ಬೆಳಕು, ಎಲ್ಲೋ ಬೀಪ್ ಬೀಪ್, ಬಾಯಲ್ಲಿ ಕೊಳವೆ, ಕೂಗಿದರೆ ದನಿ ಇಲ್ಲ, ಕೈ ಕಟ್ಟಿದ್ದಾರೆ, ಅಮ್ಮ ಇಲ್ಲ. ಮೇಲಿಂದ ನಿದ್ದೆಯ ಔಷಧಿಗಳು ಇಲ್ಲದ್ದನ್ನೂ ಕಾಣಿಸುತ್ತವೆ. ಕನಸು ಯಾವುದು, ನಿಜ ಯಾವುದು ಅಂತ ಅವನಿಗೆ ಇನ್ನೂ ಬಿಡಿಸಿಕೊಳ್ಳೋಕೆ ಆಗಿಲ್ಲ. 'ನನ್ನನ್ನು ಕಟ್ಟಿದ್ರು' ಅಂತ ಅವನು ಹೇಳುತ್ತಾನೆ, ನೀವು 'ಹಾಗೇನೂ ಇಲ್ಲ ಪುಟ್ಟ, ಮರೆತುಬಿಡು' ಅನ್ನುತ್ತೀರಿ ಅಂತ ಬರೆದಿದ್ದೀರಿ. ಹಾಗೆ ಅನ್ನಬೇಡಿ. ಕಟ್ಟಿದ್ದು ನಿಜ. ಯಾಕೆ ಕಟ್ಟಿದ್ದು ಅಂತ ಹೇಳಿ. ಬೀಪ್ ಅನ್ನುತ್ತಿದ್ದದ್ದು ಅವನ ಎದೆಬಡಿತ ಎಣಿಸುವ ಮಿಷನ್ನು ಅಂತ ಹೇಳಿ. ಅಮ್ಮ ಅಪ್ಪ ಹೊರಗಿನ ಬೆಂಚಿನ ಮೇಲೇ ಇದ್ದೆವು, ಮನೆಗೆ ಹೋಗಿರಲಿಲ್ಲ ಅಂತ ಹೇಳಿ. ಮೇಲೆ ಬರೆದದ್ದನ್ನೆಲ್ಲ ಕಥೆ ಥರ, ಅವನು ಕೇಳಿದಷ್ಟು ಸಲ ಹೇಳಿ. ಚಿತ್ರ ಬಿಡಿಸುತ್ತೇನೆ ಅಂದರೆ ಬಿಡಿಸಲಿ, ಚಿತ್ರ ನೋಡಿ ನೀವು ಅಳಬೇಕಾಗಿ ಬಂದರೆ ಅಳಿ. ಮುಂದಿನ ಸಲ ತೋರಿಸೋಕೆ ಹೋದಾಗ ಅದೇ ವಾರ್ಡಿನ ಸಿಸ್ಟರ್ ಸಿಕ್ಕರೆ ಮಾತಾಡಿಸಿ. ಕನಸಿನಲ್ಲಿ ಬರುವ ಮುಖಕ್ಕೆ ಹಗಲಿನಲ್ಲಿ ಒಂದು ನಗು ಸೇರಿಕೊಂಡರೆ ಎಷ್ಟೋ ಮಕ್ಕಳಿಗೆ ರಾತ್ರಿ ಹಗುರಾಗುತ್ತದೆ.

ಹಾಸಿಗೆ ಒದ್ದೆಯಾಗುವುದೂ ಇದರ ಬಾಲ. ಬೈಯಬೇಡಿ, ನಾಲ್ಕು ಜನರ ಎದುರು ಹೇಳಬೇಡಿ. ಬಹುಪಾಲು ತಾನಾಗಿ ನಿಲ್ಲುತ್ತದೆ. ಬೀಪ್ ಸದ್ದು ನೆನಪಾಗಿ ನಿಮಗೂ ನಿದ್ದೆ ಹಾರಿಹೋಗುತ್ತಿದ್ದರೆ ನಾಚಿಕೆ ಬೇಡ, ವೈದ್ಯರಿಗೆ ನಿಮ್ಮದನ್ನೂ ಹೇಳಿ. ಮತ್ತೆ ಆ 19 ದಿನ ಚಿಕ್ಕಮ್ಮನ ಮನೆಯಲ್ಲಿದ್ದ ಮಗಳು ಇದ್ದಾಳಲ್ಲ, ಪತ್ರದಲ್ಲಿ ಅವಳ ಬಗ್ಗೆ ಒಂದೇ ಮಾತು ಬಂದಿದೆ. ಅವಳನ್ನೂ ಒಮ್ಮೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಾಲ್ಕು ದಿನ ಮನೆಯಲ್ಲಿ ಇಟ್ಟುಕೊಂಡದ್ದು ತಪ್ಪಾ?

ಮೊದಲ ಮೂರು ದಿನ ಈ ಜ್ವರವನ್ನು ಮಾಮೂಲಿ ವೈರಲ್ ಜ್ವರದಿಂದ ಬೇರೆ ಮಾಡಿ ಗುರುತಿಸುವುದು ನನಗೂ ಕಷ್ಟ. ಮೊದಲ ದಿನವೇ ನೀವು ಬಂದಿದ್ದರೆ ನಾನೂ ಅದೇ ಸಿರಪ್ ಬರೆದು ಕಳಿಸುತ್ತಿದ್ದೆನೇನೋ. ಮೂರು ದಿನ ದಾಟಿದ ಜ್ವರವನ್ನು ಮಲೆನಾಡಿನಲ್ಲಿ ಮನೆಯಲ್ಲಿ ಇಟ್ಟುಕೊಳ್ಳಬಾರದು, ಇದು ನಿಜ. ನಾಲ್ಕನೇ ದಿನವೇ ತೋರಿಸಿದ್ದರೆ ಚೆನ್ನಾಗಿತ್ತು, ಇದೂ ನಿಜ. ಆದರೆ ತೋರಿಸಿದ್ದರೆ ಅವತ್ತೇ ಕಾಯಿಲೆ ಸಿಕ್ಕೇ ಸಿಗುತ್ತಿತ್ತು ಅಂತ ಯಾರೂ ಆಣೆ ಮಾಡಲಾರರು.

ಯಾಕೆಂದರೆ ನಾನೇ ತಪ್ಪಿದ್ದೇನೆ. ತುಂಬ ಹಿಂದಿನ ಮಾತು, ನಾನು ಆಗ ಬೇರೊಂದು ಆಸ್ಪತ್ರೆಯಲ್ಲಿದ್ದೆ. ಎಂಟೊಂಬತ್ತು ವರ್ಷದ ಹುಡುಗಿ, ಬಿಡದ ಜ್ವರ. ಟೈಫಾಯ್ಡ್ ಪತ್ತೆಗೆ ಮಾಡುವ ವಿಡಾಲ್ ರಕ್ತಪರೀಕ್ಷೆ ಪಾಸಿಟಿವ್ ಬಂದಿತ್ತು. ಒಂದೇ ಒಂದು ವಿಡಾಲ್ ನಂಬಿ ಟೈಫಾಯ್ಡ್ ಅನ್ನಬಾರದು ಅಂತ ಓದಿಕೊಂಡೂ ನಂಬಿದೆ. ಮೂರು ದಿನ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಕೊಟ್ಟೆ. ಟೈಫಾಯ್ಡ್ ಬೇರೆ, ಟೈಫಸ್ ಬೇರೆ. ಆ ಇಂಜೆಕ್ಷನ್ ಸ್ಕ್ರಬ್ ಟೈಫಸ್ಸಿಗೆ ನೀರು ಕೊಟ್ಟ ಹಾಗೆ. ಜ್ವರ ಜಗ್ಗಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಆಯಾ ಒಬ್ಬರು ಹುಡುಗಿಯ ಸಿಕ್ಕುಗಟ್ಟಿದ ಜಡೆ ಬಿಚ್ಚಿ ಬಾಚುತ್ತಿದ್ದವರು, 'ಸಾರ್, ಕಿವಿ ಹಿಂದೆ ಯಾರೋ ಬೀಡಿ ತಾಗಿಸಿದಂಗೆ ಐತೆ ನೋಡಿ' ಅಂದರು. ಕಡಲೆಕಾಳಿನಷ್ಟು ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಮೂರು ದಿನ ಸ್ಟೆತಾಸ್ಕೋಪ್ ಹಿಡಿದು ಓಡಾಡಿದ ನನಗೆ ಕಾಣದ್ದು ಬಾಚಣಿಗೆ ಹಿಡಿದವರಿಗೆ ಕಂಡಿತು. ಔಷಧಿ ಬದಲಿಸಿದೆವು. ಎರಡನೇ ದಿನ ಜ್ವರ ಇಳಿಯಿತು.

ಅದು ಸ್ಕ್ರಬ್ ಟೈಫಸ್ ತರುವ ನುಸಿ ಕಚ್ಚಿದ ಗುರುತು. ನೋಯುವುದಿಲ್ಲ, ತುರಿಸುವುದಿಲ್ಲ. ಹಾಗಾಗಿ ಮಗು ಹೇಳುವುದಿಲ್ಲ. ಕಂಕುಳು, ತೊಡೆಸಂದು, ಹೊಕ್ಕುಳು, ಉಡಿದಾರದ ಜಾಗ, ಕಿವಿ ಹಿಂದೆ, ಮುಚ್ಚಿಟ್ಟ ಜಾಗಗಳಲ್ಲೇ ಜಾಸ್ತಿ. ಬೆವರುವ ಸಂದಿಯಲ್ಲಿ ಕಪ್ಪು ಹಕ್ಕಳೆ ಕಟ್ಟದೆ ಸುಮ್ನೆ ಸಣ್ಣ ಹುಣ್ಣಿನ ಹಾಗೂ ಇರಬಹುದು. ಎಷ್ಟೋ ಮಕ್ಕಳಲ್ಲಿ ಗುರುತೇ ಇರುವುದಿಲ್ಲ. ನಿಮ್ಮ ಮಗನ ಸಮ್ಮರಿಯಲ್ಲಿ 'ಎಡ ಕಂಕುಳಲ್ಲಿ ಗುರುತು' ಅಂತ ಬರೆದಿದ್ದಾರೆ. ಕಂಡವರು ಅವನಿಗೆ ಮೈ ಒರೆಸಿದವರೇ ಆಗಿದ್ದರೆ ನನಗೆ ಆಶ್ಚರ್ಯ ಇಲ್ಲ.

ಮತ್ತೆ ಬರಬಹುದಾ? ಬರಬಹುದು. ಈ ರೋಗಾಣುವಿನಲ್ಲಿ ಹಲವು ತಳಿಗಳಿವೆ, ಒಂದು ಬಂದರೆ ಇನ್ನೊಂದರಿಂದ ರಕ್ಷಣೆ ಸಿಗುತ್ತದೆ ಅನ್ನುವ ಹಾಗಿಲ್ಲ. ಲಸಿಕೆಯೂ ಇಲ್ಲ. ಆದರೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ನಿಮ್ಮ ನೆರೆಯವರು ಮಕ್ಕಳನ್ನು ಆಟಕ್ಕೆ ಕಳಿಸುತ್ತಿಲ್ಲ ಅಂದಿರಲ್ಲ, ಅವರಿಗೆ ಇದನ್ನು ಓದಿ ಹೇಳಿ. ಇದು ಮಂಗನ ಕಾಯಿಲೆಯೂ ಅಲ್ಲ. ಅದು 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಸಿಕ್ಕ ವೈರಸ್. ಉಣುಗಿನಿಂದ ಬರುತ್ತದೆ, ಬೇಸಿಗೆಯ ಕಡೆಗೆ ಜೋರು, ಅದಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ. ಸ್ಕ್ರಬ್ ಟೈಫಸ್ ತರುವುದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಮರಿ, ತೆಂಗಿನ ನುಸಿಯ ದೂರದ ನೆಂಟ ಅನ್ನಿ. ಇಲಿ ಓಡಾಡುವ ಪೊದೆ, ಎತ್ತರದ ಹುಲ್ಲು, ದರಗು ಅದರ ಮನೆ. ಮಳೆ ಹಿಂದೆಗೆದ ತಿಂಗಳುಗಳಲ್ಲಿ ಜಾಸ್ತಿ. ಅದು ಮೈಗೆ ಹತ್ತಿದ ತಕ್ಷಣ ರೋಗ ದಾಟಿಸಿಬಿಡುವುದಿಲ್ಲ, ಕಚ್ಚಿಕೊಂಡು ಕೂರೋಕೆ ಹೊತ್ತು ಬೇಕು. ತೋಟದಿಂದ ಬಂದ ಕೂಡಲೇ ಬಟ್ಟೆ ಬದಲಿಸಿ, ಹಂಡೆಯ ಬಿಸಿನೀರಲ್ಲಿ ಸೋಪು ಹಚ್ಚಿ ಉಜ್ಜಿ ಸ್ನಾನ ಮಾಡಿದರೆ ಅರ್ಧ ಗೆದ್ದಂತೆ. ಒಗೆದ ಬಟ್ಟೆ ಬೇಲಿ ಮೇಲೆ, ಹುಲ್ಲಿನ ಮೇಲೆ ಹರವಬೇಡಿ, ತಂತಿಗೆ ಹಾಕಿ.

ಶಾಲೆಗೆ ಕಳಿಸಿ. ಮೊದಲೆರಡು ವಾರ ಮಧ್ಯಾಹ್ನದವರೆಗೆ ಸಾಕು. ಎಕೋದಲ್ಲಿ ಹೃದಯ ಚೆನ್ನಾಗಿದೆ ಅಂತ ಸಮ್ಮರಿಯಲ್ಲಿ ಇರುವುದರಿಂದ ಆಟಕ್ಕೂ ಅಡ್ಡಿ ಇಲ್ಲ. ಆದರೆ ಏದುಸಿರು ಬಂದರೆ ಕೂರಿಸಿ ಅಂತ ಮೇಷ್ಟ್ರಿಗೆ ಹೇಳಿರಿ, ಗಂಟಲಿನದು ಗೊತ್ತಾಗುವವರೆಗೆ ಓಟದ ಪಂದ್ಯ ಬೇಡ. ಎರಡನೇ ಕ್ಲಾಸಿನ ಪರೀಕ್ಷೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ದಯವಿಟ್ಟು.

ಕರು ನೋಡೋಕೆ ಬಿಡಿ. ಇವತ್ತೇ ಬಿಡಿ. ಉದ್ದ ಪ್ಯಾಂಟು, ಕಾಲಿಗೆ ಶೂ ಹಾಕಿಸಿ, ಹುಲ್ಲಿನ ರಾಶಿ ಮೇಲೆ ಹೊರಳೋಕೆ ಬಿಡಬೇಡಿ, ಬಂದ ಮೇಲೆ ಸ್ನಾನ. ಕೊಟ್ಟಿಗೆಗೆ ಇಳಿಯೋಕೆ ನಾಲ್ಕು ಮೆಟ್ಟಿಲಿದೆ ಅಂತ ಬರೆದಿದ್ದೀರಲ್ಲ, ಅಲ್ಲಿ ಎತ್ತಿಕೊಳ್ಳಬೇಡಿ. ಗೋಡೆ ಹಿಡಿದುಕೊಂಡೇ ಇಳಿಯಲಿ, ನೀವು ಒಂದು ಮೆಟ್ಟಿಲು ಕೆಳಗೆ ನಿಂತಿರಿ.